ನೀವು ಬರೆದ ನೋಟ್ಸ್ ಬೇರೆಯವರು ಮಾರುತ್ತಿದ್ದಾರೆಯೇ? ತಡೆಯುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಕೋಚಿಂಗ್ ಕ್ಲಾಸುಗಳಲ್ಲಿ ಪಾಠ ಹೇಳುವವರಿದ್ದಾರೆ, ಬೀದರ್, ಯಾದಗಿರಿಗಳಲ್ಲಿ ಮನೆಯಲ್ಲೇ ಕುಳಿತು ಪಿಡಿಒ, ಎಫ್‌ಡಿಎ, ಟಿಇಟಿ ಪರೀಕ್ಷೆಗಳ ನೋಟ್ಸ್ ಬರೆದು ಪಿಡಿಎಫ್ ಮಾರುವವರಿದ್ದಾರೆ. ಇವರೆಲ್ಲ ಪದೇ ಪದೇ ಎಡವುವುದು ಒಂದೇ ಜಾಗದಲ್ಲಿ. 199 ರೂಪಾಯಿಯ ತಮ್ಮ ನೋಟ್ಸ್ ಟೆಲಿಗ್ರಾಂ ಚಾನೆಲ್ ಒಂದರಲ್ಲಿ 49ಕ್ಕೆ ಬಿಕರಿಯಾಗುತ್ತಿರುವುದು ಕಂಡ ಕೂಡಲೇ ಸಿಟ್ಟಿನಲ್ಲಿ ಅಡ್ಮಿನ್‌ಗೆ ಮೆಸೇಜ್ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಚಾನೆಲ್ ಮಾಯ. ಕೆಲವು ದಿನಗಳಲ್ಲಿ ಅದೇ ಪಿಡಿಎಫ್ ಬೇರೆ ಹೆಸರಿನ ಚಾನೆಲ್‌ನಲ್ಲಿ ಪ್ರತ್ಯಕ್ಷ. ಬರೆದವರ ಕೈಯಲ್ಲಿ ಉಳಿಯುವುದು ಮೊಬೈಲಿನ ಒಂದು ಮಸುಕು ಸ್ಕ್ರೀನ್‌ಶಾಟ್ ಮಾತ್ರ. ಅದನ್ನು ಹಿಡಿದು ಠಾಣೆಗೆ ಹೋದರೆ ಬರಿಗೈಯಲ್ಲಿ ವಾಪಸು.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಮಾರುವ ಮೊದಲೇ ಹಕ್ಕಿನ ದಾಖಲೆ ಮತ್ತು ಪ್ರತಿಯ ಮೇಲಿನ ಗುರುತು, ಕಳವು ಕಂಡಾಗ ಮೊದಲು ಪುರಾವೆ, ಆಮೇಲೆ ನೋಟಿಸ್, ಕೊನೆಗೆ ಠಾಣೆ ಮತ್ತು ಕೋರ್ಟು. ನಿಮ್ಮ ನೋಟ್ಸ್ ಈಗಾಗಲೇ ಕಳವಾಗಿದ್ದರೆ ಯಾರಿಗೂ ಒಂದು ಮಾತೂ ಹೇಳದೆ ನೇರ ಹಂತ 5ಕ್ಕೆ ಹೋಗಿ. ಅದನ್ನು ಇವತ್ತೇ ಮುಗಿಸಿ, ನಂತರ ಮೊದಲಿನಿಂದ ಓದಿ.

ಬೇಕಾಗುವ ಸಾಮಾನು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕೇ ಬೇಕು, ಮೊಬೈಲೊಂದರಿಂದ ಈ ಕೆಲಸ ಆಗದು. ಜೊತೆಗೆ ಪಿಡಿಎಫ್24ನಂತಹ ಉಚಿತ ಪಿಡಿಎಫ್ ಸಾಫ್ಟ್‌ವೇರ್, ಖರೀದಿದಾರರ ಪಟ್ಟಿಗೆ ಒಂದು ಎಕ್ಸೆಲ್ ಶೀಟು, ಈ ಕೆಲಸಕ್ಕೆಂದೇ ಪ್ರತ್ಯೇಕ ಇ-ಮೇಲ್ ಐಡಿ, ಬೇರೆ ಯಾವುದಕ್ಕೂ ಬಳಸದ ಒಂದು ಪೆನ್‌ಡ್ರೈವ್, ನೋಂದಣಿಗೆ 500 ರೂಪಾಯಿ.

ಹಂತ 1: ನಿಮ್ಮದು ಯಾವುದು, ನಿಮ್ಮದಲ್ಲದ್ದು ಯಾವುದು

ದೂರು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಕಾಪಿರೈಟ್ ಸಿಗುವುದು ಬರಹಕ್ಕೆ, ಮಾಹಿತಿಗಲ್ಲ. 371(ಜೆ) ವಿಧಿಯ ಬಗ್ಗೆ ನೀವು ಹನ್ನೆರಡು ಪುಟದ ನೋಟ್ಸ್ ಬರೆದಿದ್ದೀರಿ ಎನ್ನಿ. ವಿಧಿಯ ಪಠ್ಯ ನಿಮ್ಮದಲ್ಲ. 2012ರ 98ನೇ ತಿದ್ದುಪಡಿಯಿಂದ ಅದು ಸಂವಿಧಾನಕ್ಕೆ ಸೇರಿತು ಎಂಬ ಸಂಗತಿಯೂ ನಿಮ್ಮದಲ್ಲ. ಹಳೆಯ ಕೆಪಿಎಸ್‌ಸಿ ಪ್ರಶ್ನೆಗಳೂ ನಿಮ್ಮವಲ್ಲ. ಆದರೆ ಅದನ್ನು ನೀವು ವಿವರಿಸಿದ ರೀತಿ, ನೀವೇ ಕಟ್ಟಿದ ಉದಾಹರಣೆ, ನೀವು ರಚಿಸಿದ ಅಭ್ಯಾಸ ಪ್ರಶ್ನೆ, ವಿಷಯವನ್ನು ಆಯ್ದು ಜೋಡಿಸಿದ ಕೋಷ್ಟಕ ನಿಮ್ಮವು. ದೂರು ಬರೆಯುವಾಗ ಈ ಭಾಗಗಳನ್ನೇ ಬೆರಳಿಟ್ಟು ತೋರಿಸಬೇಕು. ‘ನನ್ನ ನೋಟ್ಸ್ ಪೂರ್ತಿ ಕದ್ದಿದ್ದಾರೆ’ ಎಂದರೆ ಎದುರಿನವರು ವಿಧಿಯ ಪಠ್ಯ ತೋರಿಸಿ ‘ಇದು ಸರ್ಕಾರದ್ದು’ ಎಂದು ಪಾರಾಗುತ್ತಾರೆ.

ಇನ್ನೊಂದು ಪ್ರಶ್ನೆ ಕಟು, ಆದರೂ ಕೇಳಿಕೊಳ್ಳಲೇಬೇಕು: ನಿಮ್ಮ ನೋಟ್ಸ್‌ನಲ್ಲಿ ಬೇರೆಯವರ ಪುಸ್ತಕದಿಂದ ಯಥಾವತ್ತಾಗಿ ಎತ್ತಿದ ಪ್ಯಾರಾಗಳಿವೆಯೇ? ಇದ್ದರೆ ತೆಗೆಯಿರಿ ಅಥವಾ ಸ್ವಂತ ಮಾತಿನಲ್ಲಿ ಬರೆಯಿರಿ. ಹಕ್ಕಿಲ್ಲದ ಭಾಗಕ್ಕೆ ಹಕ್ಕು ಹೇಳಿ ಬೆದರಿಸಿದರೆ ಕಾಪಿರೈಟ್ ಕಾಯ್ದೆಯ ಕಲಂ 60ರ ಪ್ರಕಾರ ಬೆದರಿಕೆಗೆ ಒಳಗಾದವರೇ ನಿಮ್ಮ ಮೇಲೆ ದಾವೆ ಹೂಡಬಹುದು.

ಸಂಬಳಕ್ಕೆ ಕೆಲಸ ಮಾಡುವ ಶಿಕ್ಷಕರು ಕಲಂ 17ನ್ನು ತಿಳಿದಿರಲಿ. ನೌಕರಿಯ ಭಾಗವಾಗಿ ಸಂಸ್ಥೆಗೆ ಬರೆದ ನೋಟ್ಸ್‌ಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯೇ ಮೊದಲ ಮಾಲೀಕ. ಹೊರಗಿನವರಾಗಿ ಪುಟಕ್ಕಿಷ್ಟು ಎಂದು ಬರೆದುಕೊಟ್ಟಿದ್ದರೆ ಹಕ್ಕು ನಿಮ್ಮಲ್ಲೇ ಇರುತ್ತದೆ. ಅದು ವರ್ಗಾವಣೆಯಾಗಬೇಕಾದರೆ ಸಹಿ ಇರುವ ಲಿಖಿತ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಓದುತ್ತದೆ.

ಹಂತ 2: ಬರೆದದ್ದಕ್ಕೆ ದಾಖಲೆ ಮಾಡಿಡಿ

ಬರೆದ ಕ್ಷಣದಿಂದ ಹಕ್ಕು ತಾನಾಗಿಯೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಪುಸ್ತಕದಲ್ಲಿರುವ ವಿವರವನ್ನು ಕಲಂ 48ರ ಪ್ರಕಾರ ಕೋರ್ಟು ಮೇಲ್ನೋಟದ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಸುಳ್ಳೆಂದು ಸಾಬೀತು ಮಾಡುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಒಂದು ಪೂರ್ಣ ನೋಟ್ಸ್‌ಗೆ 500 ರೂಪಾಯಿ ಖರ್ಚು ಮಾಡುವುದು ಖಂಡಿತ ಲಾಭದ ಮಾತು.

ಕಾಪಿರೈಟ್ ಕಚೇರಿಯ ಜಾಲತಾಣ ಕಾಪಿರೈಟ್ ಡಾಟ್ ಜಿಒವಿ ಡಾಟ್ ಇನ್. ಅಲ್ಲಿ ಖಾತೆ ತೆರೆದು ಫಾರಂ 14 ತುಂಬಿ, ಸಾಹಿತ್ಯ ಕೃತಿ ಎಂದು ಆಯ್ದು, ಶುಲ್ಕ ಕಟ್ಟಿ, ಕೃತಿಯ ಪ್ರತಿ ಸೇರಿಸಿ. ಕೂಡಲೇ ಡೈರಿ ಸಂಖ್ಯೆ ಸಿಗುತ್ತದೆ. ಆಕ್ಷೇಪಣೆಗೆ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಬೇರೆ ಯಾರಾದರೂ ಸೇರಿ ಬರೆದಿದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಳ್ಳಿ. ಅದಿಲ್ಲದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಐಎಸ್‌ಬಿಎನ್ ಸಂಖ್ಯೆ ಪಡೆದರೆ ಕಾಪಿರೈಟ್ ಸಿಕ್ಕಂತೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಇದೆ. ಅದು ಪುಸ್ತಕದ ಗುರುತಿನ ಸಂಖ್ಯೆ ಅಷ್ಟೇ, ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಕರಡುಗಳನ್ನು ಅಳಿಸಬೇಡಿ. ಕೈಬರಹದ ನೋಟ್‌ಬುಕ್ಕು, ತಿದ್ದಿದ ವರ್ಡ್ ಫೈಲು, ಡಿಟಿಪಿಗೆ ಕೊಟ್ಟ ಹಣದ ರಸೀತಿ, ಎಲ್ಲವೂ ‘ಇದನ್ನು ಬರೆದವರು ಇವರೇ’ ಎಂದು ಹೇಳುತ್ತವೆ. ಪಿಡಿಎಫ್ ಮಾಡುವಾಗ ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು, ವರ್ಷ ತುಂಬಿ. ಕದಿಯುವವರು ಮುಖಪುಟ ಬದಲಿಸುತ್ತಾರೆ, ಒಳಗಿನ ಈ ವಿವರ ನೋಡುವುದನ್ನು ಎಷ್ಟೋ ಸಲ ಮರೆಯುತ್ತಾರೆ.

ಹಂತ 3: ಮಾರುವ ಪ್ರತಿಯೊಂದಕ್ಕೂ ಗುರುತು ಹಾಕಿ

ಎಲ್ಲರಿಗೂ ಒಂದೇ ಫೈಲು ಕಳುಹಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಸೋರಿದ್ದು ಎಲ್ಲಿಂದ ಎಂದು ಆಮೇಲೆ ತಿಳಿಯುವ ದಾರಿಯೇ ಇರುವುದಿಲ್ಲ.

ಕಾಣುವ ಗುರುತು (ವಾಟರ್‌ಮಾರ್ಕ್): ಪ್ರತಿ ಪುಟದ ಮೇಲೆ ಓರೆಯಾಗಿ, ಅಕ್ಷರಗಳ ಮೇಲೆಯೇ ಹಾದುಹೋಗುವಂತೆ, ಖರೀದಿದಾರರ ಹೆಸರು, ಮೊಬೈಲಿನ ಕೊನೆಯ 4 ಅಂಕಿ, ಆರ್ಡರ್ ಸಂಖ್ಯೆ. ದಟ್ಟತೆ 10ರಿಂದ 15 ಪ್ರತಿಶತ ಸಾಕು, ಓದಲು ತೊಂದರೆಯಾಗಬಾರದು. ಪುಟದ ತಲೆಗೋ ಬುಡಕ್ಕೋ ಹಾಕಿದರೆ ಕತ್ತರಿಸಿ ಬಿಸಾಡುತ್ತಾರೆ. ಪೂರ್ತಿ ಮೊಬೈಲ್ ಸಂಖ್ಯೆ ಮುದ್ರಿಸಬೇಡಿ. ಫೈಲು ಸೋರಿದರೆ ವಿದ್ಯಾರ್ಥಿಯ ನಂಬರು, ಅದರಲ್ಲೂ ಹೆಣ್ಣುಮಕ್ಕಳ ನಂಬರು, ಸಾವಿರ ಜನರ ಕೈಗೆ ಹೋಗುತ್ತದೆ.

ಕಾಣದ ಗುರುತು: ಇದು ಇನ್ನೂ ಗಟ್ಟಿ. ನೋಟ್ಸ್‌ನ 10 ಕಡೆ ಒಂದೊಂದು ವಾಕ್ಯವನ್ನು ಎರಡು ರೀತಿ ಬರೆದಿಟ್ಟುಕೊಳ್ಳಿ. ಒಬ್ಬರ ಪ್ರತಿಯಲ್ಲಿ ‘ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಹೋಯಿತು’, ಇನ್ನೊಬ್ಬರದರಲ್ಲಿ ‘ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಬದಲಿಸಿದರು’. ಅರ್ಥ ಒಂದೇ, ಮಾತು ಬೇರೆ. ಹತ್ತು ಜಾಗ, ಎರಡೆರಡು ಆಯ್ಕೆ ಎಂದರೆ 1024 ಬೇರೆ ಬೇರೆ ಪ್ರತಿಗಳು. ಐವತ್ತು ಜನರಿಗಿಂತ ಕಡಿಮೆ ಖರೀದಿದಾರರಿದ್ದರೆ 6 ಜಾಗ ಸಾಕು, 64 ಪ್ರತಿ ಆಗುತ್ತವೆ. ಯಾರಿಗೆ ಯಾವ ಜೋಡಣೆ ಹೋಯಿತು ಎಂದು ಶೀಟಿನಲ್ಲಿ ಬರೆದಿಡಿ. ವಾಟರ್‌ಮಾರ್ಕ್ ಅಳಿಸಿದರೂ, ಮೊಬೈಲಿನಲ್ಲಿ ಫೋಟೋ ಹೊಡೆದು ಮಾರಿದರೂ, ಈ ಗುರುತು ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಕಳ್ಳರನ್ನು ಹಿಡಿಯಲೆಂದು ಇಸವಿಯನ್ನೋ ಹೆಸರನ್ನೋ ಬೇಕೆಂದೇ ತಪ್ಪಾಗಿ ಹಾಕುವ ರೂಢಿ ಕೆಲವರಿಗಿದೆ. ಪರೀಕ್ಷೆಗೆ ಓದುವ ಹುಡುಗರಿಗೆ ಅದು ಅನ್ಯಾಯ. ನಿಮ್ಮ ನೋಟ್ಸ್ ನಂಬಿ ಒಂದು ಅಂಕ ಕಳೆದುಕೊಂಡವರಿಗೆ ಆ ಅಂಕ ಮತ್ತೆ ಸಿಗದು. ಗುರುತು ಬೇಕೆಂದರೆ ಗಣಿತದ ಲೆಕ್ಕದಲ್ಲಿಡಿ. ‘ಸೇಡಂನ ರೈತರೊಬ್ಬರು 37 ಕ್ವಿಂಟಲ್ 40 ಕೆಜಿ ತೊಗರಿ ಮಾರಿದರೆ’ ಎಂಬ ಲೆಕ್ಕದ ಅದೇ ಅಂಕಿಗಳು ಅದೇ ಕ್ರಮದಲ್ಲಿ ಬೇರೆಯವರ ಪಿಡಿಎಫ್‌ನಲ್ಲಿ ಕಂಡರೆ ಕಾಕತಾಳೀಯ ಎಂದು ಯಾರೂ ಹೇಳಲಾರರು.

ಪಾಸ್‌ವರ್ಡ್ ಹಾಕಬಹುದು, ಆದರೆ ಅದನ್ನೇ ನಂಬಬೇಡಿ. ಪ್ರಿಂಟ್ ಮಾಡದಂತೆ, ಕಾಪಿ ಮಾಡದಂತೆ ಹಾಕುವ ನಿರ್ಬಂಧವನ್ನು ಉಚಿತ ಸಾಫ್ಟ್‌ವೇರ್‌ಗಳೇ ನಿಮಿಷದೊಳಗೆ ತೆಗೆಯುತ್ತವೆ. ಪುಟಗಳನ್ನೆಲ್ಲ ಚಿತ್ರ ಮಾಡಿ ಕೊಡುವವರೂ ಇದ್ದಾರೆ. ಅದರಿಂದ ಫೈಲು ಊದಿಕೊಳ್ಳುತ್ತದೆ, ಓದುಗರಿಗೆ ಪದ ಹುಡುಕಲು ಆಗುವುದಿಲ್ಲ, ಹಣ ಕೊಟ್ಟವರಿಗೇ ಶಿಕ್ಷೆ.

ಸೋರಿಕೆ ಯಾವಾಗಲೂ ಖರೀದಿದಾರರಿಂದಲೇ ಆಗುತ್ತದೆ ಎಂದುಕೊಳ್ಳಬೇಡಿ. ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಉಳಿದ ಫೈಲೇ ಎಷ್ಟೋ ಸಲ ಮೂಲ. ವಾಟ್ಸ್ಆ್ಯಪ್‌ನಲ್ಲಿ ಅಂಗಡಿಯ ನಂಬರಿಗೆ ಪಿಡಿಎಫ್ ಕಳುಹಿಸಿದರೆ ಅದು ಅವರ ಮೊಬೈಲಿನಲ್ಲಿ, ವಾಟ್ಸ್ಆ್ಯಪ್ ವೆಬ್‌ನಲ್ಲಿ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ, ಹೀಗೆ ಮೂರು ಕಡೆ ಕೂರುತ್ತದೆ. ಅಂಗಡಿಯವರು ಮಾರದಿರಬಹುದು. ಆದರೆ ಆ ಕಂಪ್ಯೂಟರ್ ಮುಂದೆ ದಿನಕ್ಕೆ ನೂರು ಜನ ಕೂರುತ್ತಾರೆ. ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಪೆನ್‌ಡ್ರೈವ್‌ನಿಂದಲೇ ನೇರ ಪ್ರಿಂಟ್ ಕೊಡಿಸಿ. ಕಾಪಿ ಮಾಡಿಕೊಂಡಿದ್ದರೆ ನಿಮ್ಮೆದುರೇ ಅಳಿಸಿ ರಿಸೈಕಲ್ ಬಿನ್ ಖಾಲಿ ಮಾಡಿಸಿ. ಡಿಟಿಪಿಗೆ ಕೊಡುವ ಕರಡಿನಲ್ಲಿ ಆ ಅಂಗಡಿಗೆಂದೇ ಒಂದು ಬೇರೆ ಜೋಡಣೆ ಇರಲಿ. ಸೋರಿದ ಪ್ರತಿಯಲ್ಲಿ ಅದು ಕಂಡರೆ ಯಾವ ವಿದ್ಯಾರ್ಥಿಯನ್ನೂ ಅನುಮಾನಿಸಬೇಕಿಲ್ಲ.

ಹಂತ 4: ವಾರಕ್ಕೊಮ್ಮೆ ಹುಡುಕಿ

ನಿಮ್ಮ ಬರಹದ ಆರೇಳು ಪದಗಳ ವಿಶಿಷ್ಟ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅದೇ ವಾಕ್ಯಕ್ಕೆ ಗೂಗಲ್ ಅಲರ್ಟ್ಸ್ (ಆ ವಾಕ್ಯ ಹೊಸದಾಗಿ ಎಲ್ಲಾದರೂ ಕಂಡರೆ ಇ-ಮೇಲ್ ಕಳುಹಿಸುವ ಸೇವೆ) ಇಟ್ಟುಕೊಳ್ಳಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್ ಆದರೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಏಕೆಂದರೆ ಫೈಲಿನೊಳಗೆ ಇರುವುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ, ಬಂದ ಆ ವಿಚಿತ್ರ ಅಕ್ಷರಗಳನ್ನೇ ಗೂಗಲ್‌ಗೆ ಹಾಕಿ. ಕದ್ದ ಫೈಲಿನಲ್ಲೂ ಅವೇ ಇರುವುದರಿಂದ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ. ಮುಂದಿನ ಆವೃತ್ತಿಯನ್ನು ಯೂನಿಕೋಡ್‌ನಲ್ಲೇ ಮಾಡಿ.

ಟೆಲಿಗ್ರಾಂನಲ್ಲಿ ಪರೀಕ್ಷೆಯ ಹೆಸರು, ‘ನೋಟ್ಸ್’, ‘ಪಿಡಿಎಫ್’ ಪದಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹುಡುಕಿ. ನಿಮ್ಮ ಮುಖಪುಟವೇ ಮಸುಕಾಗಿ ಕಾಣುವುದು, ‘ಎಲ್ಲ ಅಕಾಡೆಮಿಗಳ ನೋಟ್ಸ್ ಒಂದೇ ಕಡೆ’ ಎಂಬ ಸಾಲು, ಮಾದರಿ ಪುಟ ಕೇಳಿದರೆ ಕೊಡದೆ ಯುಪಿಐ ಐಡಿ ಮಾತ್ರ ಕಳುಹಿಸುವುದು, ಇವೆಲ್ಲ ಸೂಚನೆಗಳು. ನಿಮ್ಮ ಮಾರಾಟ ಪರೀಕ್ಷೆಯ ಅಧಿಸೂಚನೆ ಬಂದ ವಾರದಲ್ಲೇ ಕುಸಿದರೆ ಅಂದೇ ಹುಡುಕಲು ಕೂರಿ. ಕದ್ದ ಮಾಲು ಬಿಸಿಬಿಸಿಯಾಗಿ ಹೋಗುವುದು ಆಗಲೇ.

ಹಂತ 5: ಬಾಯಿ ಬಿಡುವ ಮೊದಲು ಪುರಾವೆ

ಇದನ್ನು ಒಂದೇ ಸಲ ಕೂತು ಮುಗಿಸಿ.

ಮೊದಲು ಕಂಪ್ಯೂಟರ್‌ನಲ್ಲಿ ಚಾನೆಲ್ ಅಥವಾ ಪುಟ ತೆರೆಯಿರಿ. ಮೇಲಿನ ಲಿಂಕ್ ಕಾಣುವ ಅಡ್ರೆಸ್ ಬಾರ್, ದಿನಾಂಕ, ಸಮಯ ಮೂರೂ ಕಾಣುವಂತೆ ಪೂರ್ಣ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಚಾನೆಲ್‌ನ ಹೆಸರು, ಲಿಂಕು, ಸದಸ್ಯರ ಸಂಖ್ಯೆ, ಬೆಲೆ ಹೇಳಿದ ಪೋಸ್ಟು, ಆ ಪೋಸ್ಟಿನ ಲಿಂಕು ಎಲ್ಲವೂ ಬೇಕು. ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ ಚಾಟ್ ಇತಿಹಾಸವನ್ನು ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದೆ. ಅಡ್ಮಿನ್ ತಡೆದಿರದಿದ್ದರೆ ಅದನ್ನು ಬಳಸಿ. ಚಾನೆಲ್‌ನ ಹೆಸರು ನಾಳೆ ಬದಲಾದರೂ ಅದರ ಸಂಖ್ಯೆ ರೂಪದ ಐಡಿ ಬದಲಾಗದು, ಜೇಸನ್ (JSON) ರೂಪದ ಎಕ್ಸ್‌ಪೋರ್ಟ್‌ನಲ್ಲಿ ಅದು ಸಿಗುತ್ತದೆ. ತೆರೆದ ವೆಬ್‌ಸೈಟ್ ಆದರೆ, ವೆಬ್ ಪುಟಗಳ ಪ್ರತಿಯನ್ನು ದಿನಾಂಕ ಸಹಿತ ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಆ ಪುಟವನ್ನು ಉಳಿಸಿ.

ಎರಡನೆಯದು ಪರೀಕ್ಷಾ ಖರೀದಿ. ನಂಬಿಕೆಯವರೊಬ್ಬರಿಂದ ಒಂದು ಪ್ರತಿ ಕೊಳ್ಳಿಸಿ. ಯುಪಿಐ ಆ್ಯಪ್‌ನಲ್ಲಿ ಹಣ ಕಳುಹಿಸುವ ಮೊದಲು ಬ್ಯಾಂಕಿನಲ್ಲಿರುವ ಹೆಸರು ತೋರಿಸುತ್ತದೆ, ಆ ಪರದೆಯ ಚಿತ್ರ ತೆಗೆಯಿರಿ. ಹಣ ಹೋದ ಮೇಲೆ ವಹಿವಾಟು ಸಂಖ್ಯೆ ಬರೆದುಕೊಳ್ಳಿ. ಅಡ್ಮಿನ್ ಎಷ್ಟು ಸುಳ್ಳು ಹೆಸರು ಇಟ್ಟುಕೊಂಡರೂ ಹಣ ಹೋಗುವುದು ಬ್ಯಾಂಕ್ ಖಾತೆಗೇ. ಪೊಲೀಸರು ಖಾತೆದಾರರನ್ನು ಪತ್ತೆ ಹಚ್ಚುವುದು ಈ ಎಳೆ ಹಿಡಿದೇ.

ಮೂರನೆಯದು, ಬಂದ ಫೈಲನ್ನು ಹಾಗೇ ಇಡಿ. ತಿದ್ದಬೇಡಿ, ‘ಸೇವ್ ಆ್ಯಸ್’ ಮಾಡಬೇಡಿ. ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂತಹ ಗುರುತು) ತೆಗೆದು ಬರೆದಿಡಿ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ‘ಎ’ ಭಾಗಕ್ಕೆ ದಾಖಲೆ ಕೊಡುವವರು, ‘ಬಿ’ ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ಹ್ಯಾಶ್ ನಮೂದಿಸುವ ಜಾಗ ಅದರಲ್ಲೇ ಇದೆ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆ ತುಂಬಿಕೊಟ್ಟರೆ ನಡೆಯದು.

ನಾಲ್ಕನೆಯದು ಹೋಲಿಕೆ ಪಟ್ಟಿ. ಎಡಗಡೆ ನಿಮ್ಮ ಪುಟ, ಬಲಗಡೆ ಅವರ ಪುಟ, ನಡುವೆ ಏನು ಒಂದೇ ಎಂಬ ಟಿಪ್ಪಣಿ. ನಿಮ್ಮ ಅಕ್ಷರದೋಷಗಳೂ ಅವರಲ್ಲಿ ಹಾಗೇ ಇದ್ದರೆ ಅವನ್ನೇ ಮೊದಲು ಹಾಕಿ. ಸರಿಯಾದ ವಾಕ್ಯ ಇಬ್ಬರಿಗೂ ಹೊಳೆಯಬಹುದು, ಒಂದೇ ದೋಷ ಇಪ್ಪತ್ತು ಕಡೆ ಇಬ್ಬರಿಗೂ ಬರುವುದಿಲ್ಲ. ಹತ್ತು ಪುಟದ ಪಟ್ಟಿ ಸಾಕು.

ವಾಟರ್‌ಮಾರ್ಕ್‌ನಲ್ಲಿ ಒಬ್ಬರ ಹೆಸರು ಸಿಕ್ಕಿತು ಎಂದು ಅವರ ಮೇಲೆ ಹರಿಹಾಯಬೇಡಿ, ಗ್ರೂಪಿನಲ್ಲಂತೂ ಹಾಕಲೇಬೇಡಿ. ಗೆಳತಿಗೆ ಓದಲು ಕೊಟ್ಟದ್ದು ಮೂರನೆಯವರ ಮೂಲಕ ಮಾರಾಟಗಾರರ ಕೈ ಸೇರಿರಬಹುದು. ಕರೆದು ಕೇಳಿ. ಯಾರಿಗೆ ಕೊಟ್ಟರೆಂಬುದು ಗೊತ್ತಾಗುವುದು ಹಾಗೆಯೇ.

ಹಂತ 6: ನೋಟಿಸ್‌ಗಳನ್ನು ಒಂದೇ ದಿನ ಕಳುಹಿಸಿ

ಇವತ್ತೊಂದು, ನಾಳೆಯೊಂದು ಕಳುಹಿಸಿದರೆ ಮಾರುವವರು ಎಚ್ಚೆತ್ತು ಉಳಿದವನ್ನು ಬೇರೆ ಕಡೆ ಸಾಗಿಸುತ್ತಾರೆ.

ಟೆಲಿಗ್ರಾಂನ ಸಾರ್ವಜನಿಕ ಚಾನೆಲ್‌ಗಳ ಕಾಪಿರೈಟ್ ದೂರಿಗೆ ಡಿಎಂಸಿಎ ಅಟ್ ಟೆಲಿಗ್ರಾಂ ಡಾಟ್ ಆರ್ಗ್ ಎಂಬ ಇ-ಮೇಲ್ ಇದೆ. ಗೂಗಲ್ ಡ್ರೈವ್, ಬ್ಲಾಗರ್, ಯೂಟ್ಯೂಬ್, ಸ್ಕ್ರಿಬ್ಡ್, ಅಮೆಜಾನ್ ಎಲ್ಲಕ್ಕೂ ಅವರವರದೇ ಕಾಪಿರೈಟ್ ಫಾರಂಗಳಿವೆ. ಗೂಗಲ್ ಡ್ರೈವ್‌ನಿಂದ ತೆಗೆಸುವುದು ಬೇರೆ, ಗೂಗಲ್ ಹುಡುಕಾಟದಿಂದ ತೆಗೆಸುವುದು ಬೇರೆ, ಎರಡಕ್ಕೂ ಅರ್ಜಿ ಹಾಕಿ. ಹಣ ಪಡೆಯಲು ಪೇಮೆಂಟ್ ಕಂಪನಿಯ ಲಿಂಕ್ ಬಳಸುತ್ತಿದ್ದರೆ ಆ ಕಂಪನಿಗೂ ದೂರು ಹೋಗಲಿ. ಹಣ ಬರುವ ದಾರಿ ಮುಚ್ಚಿದರೆ ಚಾನೆಲ್ ಉಳಿದಿದ್ದರೂ ಅವರಿಗೆ ಉಪಯೋಗವಿಲ್ಲ.

ನೋಟಿಸ್‌ನಲ್ಲಿ ಇರಬೇಕಾದದ್ದು: ಕೃತಿಯ ಹೆಸರು, ನೀವೇ ಮಾಲೀಕರೆಂಬುದಕ್ಕೆ ಆಧಾರ, ಕದ್ದ ಪ್ರತಿಯ ನಿಖರ ಲಿಂಕು, ಸಂಪರ್ಕ ವಿವರ, ಈ ಬಳಕೆಗೆ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಹೇಳಿಕೆ, ಕೊಟ್ಟ ಮಾಹಿತಿ ನಿಜ ಎಂಬ ಘೋಷಣೆ, ಸಹಿ. ಚಾನೆಲ್‌ನ ಲಿಂಕು ಮಾತ್ರ ಕೊಟ್ಟರೆ ಸಾಲದು, ಒಂದೊಂದು ಪೋಸ್ಟಿನ ಲಿಂಕೂ ಬೇಕು. ದೂರು ಓದುವವರಿಗೆ ಕನ್ನಡ ಬರುತ್ತದೆಂಬ ಭರವಸೆ ಇಲ್ಲ. ಹೋಲಿಕೆ ಪಟ್ಟಿಯ ಎರಡು ಪುಟಗಳಲ್ಲಿ ಒಂದೇ ಆಗಿರುವ ಸಾಲುಗಳಿಗೆ ಕೆಂಪು ಚೌಕ ಹಾಕಿ, ಇಂಗ್ಲಿಷ್‌ನಲ್ಲಿ ಒಂದು ಸಾಲಿನ ವಿವರಣೆ ಬರೆದು ಲಗತ್ತಿಸಿ. ಅಕ್ಷರ ಗೊತ್ತಿಲ್ಲದವರಿಗೂ ಆಕಾರ ಒಂದೇ ಎಂದು ಕಣ್ಣಿಗೆ ಕಾಣಬೇಕು. ನಿಮ್ಮ ಹೆಸರು, ಇ-ಮೇಲ್ ಎದುರಿನವರಿಗೂ ಹೋಗಬಹುದು. ಪ್ರತ್ಯೇಕ ಐಡಿ ಮಾಡಿಕೊಳ್ಳಿ ಎಂದದ್ದು ಅದಕ್ಕೇ.

ಭಾರತದ ಕಾನೂನಿನಲ್ಲೇ ಇನ್ನೊಂದು ಅಸ್ತ್ರವಿದೆ: ಕಾಪಿರೈಟ್ ನಿಯಮಗಳು 2013ರ ನಿಯಮ 75. ದೂರು ಮನವರಿಕೆಯಾದರೆ ಫೈಲು ಇಟ್ಟುಕೊಂಡ ಸಂಸ್ಥೆ 36 ಗಂಟೆಯೊಳಗೆ ಅದು ಯಾರಿಗೂ ಸಿಗದಂತೆ ಮಾಡಬೇಕು. ಆದರೆ ಈ ತಡೆ 21 ದಿನಕ್ಕೆ ಮಾತ್ರ. ಅಷ್ಟರೊಳಗೆ ದಾವೆ ಹೂಡಿ ಕೋರ್ಟ್ ಆದೇಶ ತರುತ್ತೇನೆಂದು ನೀವೇ ನೋಟಿಸ್‌ನಲ್ಲಿ ಬರೆದುಕೊಡಬೇಕು. ತರದಿದ್ದರೆ ಅವರು ಫೈಲನ್ನು ಮತ್ತೆ ತೆರೆಯಬಹುದು, ಅದೇ ಜಾಗದ ಅದೇ ಕೃತಿಯ ಬಗ್ಗೆ ನಿಮ್ಮ ಮುಂದಿನ ದೂರಿಗೆ ಉತ್ತರಿಸಲೂ ಬೇಕಿಲ್ಲ. ಹಾಗಾಗಿ ಮೊದಲು ಕಂಪನಿಯದೇ ಫಾರಂ ಬಳಸಿ. ವಕೀಲರು ದಾವೆಯ ಕಾಗದ ಸಿದ್ಧ ಮಾಡಿದ ಮೇಲಷ್ಟೇ ನಿಯಮ 75ಕ್ಕೆ ಕೈ ಹಾಕಿ.

ವಾಟ್ಸ್ಆ್ಯಪ್ ಗ್ರೂಪಿನೊಳಗಿನ ಮಾರಾಟ ಇಂಥ ನೋಟಿಸ್‌ಗೆ ಸುಲಭವಾಗಿ ಜಗ್ಗುವುದಿಲ್ಲ. ಅಲ್ಲಿ ಪರೀಕ್ಷಾ ಖರೀದಿಯ ಪುರಾವೆಯೇ ಆಧಾರ, ಮುಂದಿನ ಹಂತವೇ ದಾರಿ. ಸ್ಪೈರಲ್ ಬೈಂಡಿಂಗ್ ಮಾಡಿ ಪೂರ್ತಿ ನೋಟ್ಸ್ ಮಾರುವ ಝೆರಾಕ್ಸ್ ಅಂಗಡಿಗೆ ವಕೀಲರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳುಹಿಸಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ತನ್ನ ಓದಿಗಾಗಿ ನಾಲ್ಕು ಪುಟ ಝೆರಾಕ್ಸ್ ಮಾಡಿಕೊಂಡ ವಿದ್ಯಾರ್ಥಿಯ ಬೆನ್ನು ಬೀಳಬೇಡಿ. ಖಾಸಗಿ ಅಧ್ಯಯನಕ್ಕೆ ನ್ಯಾಯಯುತ ಬಳಕೆಯನ್ನು ಕಲಂ 52 ಒಪ್ಪುತ್ತದೆ, ಮನುಷ್ಯತ್ವವೂ ಒಪ್ಪುತ್ತದೆ.

ಹಂತ 7: ಠಾಣೆ ಮತ್ತು ಕೋರ್ಟು

ಮತ್ತೆ ಮತ್ತೆ ಅದೇ ಯುಪಿಐ ಹೆಸರು ಕಾಣುತ್ತಿದ್ದರೆ ಠಾಣೆಗೆ ಹೋಗುವ ಸಮಯ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. 1930 ಸಹಾಯವಾಣಿ ಇರುವುದು ಹಣಕಾಸಿನ ವಂಚನೆಗೆ, ಇದಕ್ಕಲ್ಲ. ಕನ್ನಡದಲ್ಲೇ ದೂರು ಬರೆದು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನೋಂದಣಿ ಅಥವಾ ಡೈರಿ ಸಂಖ್ಯೆ, ಹೋಲಿಕೆ ಪಟ್ಟಿ, ಖರೀದಿ ವಿವರ, ಪೆನ್‌ಡ್ರೈವ್ ಜೊತೆಗಿರಲಿ.

‘ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ’ ಎಂಬ ಮಾತು ಬರಬಹುದು. ಆಗ ಎರಡು ಸಂಗತಿ ವಿನಯದಿಂದ ತೋರಿಸಿ. ಕಾಪಿರೈಟ್ ಕಾಯ್ದೆಯ ಕಲಂ 63ರ ಪ್ರಕಾರ ತಿಳಿದೂ ತಿಳಿದೂ ಕಾಪಿರೈಟ್ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಈ ಅಪರಾಧ ಸಂಜ್ಞೇಯ (ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರೇ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದದ್ದು) ಮತ್ತು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ. ಆದರೂ ಎಫ್‌ಐಆರ್ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 173(4)ರಡಿ ಎಸ್‌ಪಿಗೆ, ಕಲಬುರಗಿ ನಗರದಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಗೆ ಅಂಚೆಯಲ್ಲಿ ದೂರು ಕಳುಹಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ.

ಸಿವಿಲ್ ದಾವೆಗೆ ಮಾರಾಟಗಾರರ ಊರಿಗೆ ಅಲೆಯಬೇಕಿಲ್ಲ. ಕಾಪಿರೈಟ್ ಕಾಯ್ದೆಯ ಕಲಂ 62ರ ಪ್ರಕಾರ ನೀವು ವಾಸವಿರುವ ಅಥವಾ ವ್ಯವಹಾರ ಮಾಡುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು. ಬೀದರ್‌ನವರು ಬೀದರ್‌ನಲ್ಲಿ, ಯಾದಗಿರಿಯವರು ಯಾದಗಿರಿಯಲ್ಲಿ. ಕೇಳಬೇಕಾದದ್ದು ಮೊದಲು ತಾತ್ಕಾಲಿಕ ತಡೆಯಾಜ್ಞೆ, ಜೊತೆಗೆ ಅಡ್ಮಿನ್‌ಗಳ ವಿವರ ಕೊಡುವಂತೆ ಟೆಲಿಗ್ರಾಂಗೆ ನಿರ್ದೇಶನ. ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠ ಸಾಮಗ್ರಿ ಕದ್ದು ಹಂಚಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2022ರ ಆಗಸ್ಟ್‌ನಲ್ಲಿ ಇಂಥದ್ದೇ ಆದೇಶ ಕೊಟ್ಟಿದೆ. ಸರ್ವರ್ ವಿದೇಶದಲ್ಲಿದೆ ಎಂಬ ವಾದ ಅಲ್ಲಿ ನಡೆಯಲಿಲ್ಲ. ನಿಮ್ಮ ವಕೀಲರಿಗೆ ಆ ಆದೇಶದ ಪ್ರತಿ ತೆಗೆಯಲು ಹೇಳಿ. ದಾವೆಯ ಮೌಲ್ಯ 3 ಲಕ್ಷ ಅಥವಾ ಹೆಚ್ಚಾದರೆ ಅದು ವಾಣಿಜ್ಯ ದಾವೆಯಾಗುತ್ತದೆ. ತುರ್ತು ತಡೆಯಾಜ್ಞೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕಾಗುತ್ತದೆ.

ವಕೀಲರ ಶುಲ್ಕಕ್ಕೆ ಹಿಂಜರಿಯುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವಿಗೆ ಅರ್ಹತೆ ಇದೆ.

ಫೈಲು ಒಮ್ಮೆ ಇಳಿದ ಮೇಲೆ 3ನೇ, 7ನೇ, 21ನೇ ದಿನ ಅದೇ ಪದಗಳಿಂದ ಮತ್ತೆ ಹುಡುಕಿ. ಮರಳಿ ಬಂದಿದ್ದರೆ ಹಳೆಯ ದೂರಿನ ಸಂಖ್ಯೆ ಉಲ್ಲೇಖಿಸಿ ಹೊಸ ಲಿಂಕಿಗೆ ಹೊಸ ನೋಟಿಸ್ ಕಳುಹಿಸಿ. ಮುಂದಿನ ಆವೃತ್ತಿ ಹೊರತರುವಾಗ ಗುರುತಿನ ವಾಕ್ಯಗಳನ್ನು ಪೂರ್ತಿ ಬದಲಿಸಿ, ಹಳೆಯ ಶೀಟನ್ನು ಅಳಿಸದೆ ಇಟ್ಟುಕೊಳ್ಳಿ. ಹಳೆಯ ಆವೃತ್ತಿ ಎರಡು ವರ್ಷದ ನಂತರ ಎಲ್ಲೋ ಕಂಡರೂ ಅದು ಯಾರ ಪ್ರತಿಯಿಂದ ಬಂತೆಂದು ಆ ಶೀಟೇ ಹೇಳಬೇಕು.